ಲೈನ್ ಮನೆಗಳ ಸುತ್ತ ಹಾವು-ಹುಳ

ಕೊಯ್ಲಿನ ದಿನಗಳು ಹತ್ತಿರವಾದಂತೆ ಸಂಘದ ಕಚೇರಿಗೆ ಬರುವ ಸದಸ್ಯರ ಬಾಯಲ್ಲಿ ಎರಡೇ ಮಾತು. ಒಂದು ಧಾರಣೆ, ಇನ್ನೊಂದು ಮನೆ ಸುತ್ತಿನ ಉಪದ್ರವ. ಮಂಗ ಹಂಚು ಒಡೆಯಿತು, ಹಂದಿ ಸಸಿ ಕಿತ್ತಿತು, ಕಣದ ಮೂಲೆಯಲ್ಲಿ ನಾಗರ ಕಂಡಿತು, ಸಂಘದಿಂದ ಅರಣ್ಯ ಇಲಾಖೆಗೆ ಒಂದು ಮನವಿ ಹೋಗಬೇಕು. ಮಂಗನ ವಿಷಯಕ್ಕೆ ಮನವಿ ಬರೆದು ಬರೆದು ನಮ್ಮ ಲೇಖನಿಯೇ ಸವೆದಿದೆ, ಅದು ಹಾಗಿರಲಿ. ಹಾವಿನ ವಿಷಯದಲ್ಲಿ ಮಾತ್ರ ಮನವಿಗಿಂತ ಮೊದಲು ಬೆಳೆಗಾರರೇ ಮಾಡಬೇಕಾದ ಕೆಲಸವಿದೆ, ಅದೂ ಲೈನ್ ಮನೆಗಳಲ್ಲಿ, ಎಂಬುದು ನಮ್ಮ ಅಭಿಪ್ರಾಯ.

ಮಲೆನಾಡಿನ ಕಾಫಿ ಕೊಯ್ಲು ಇಂದು ಬಹುಮಟ್ಟಿಗೆ ಹೊರಗಿನ ಕೈಗಳನ್ನು ನಂಬಿದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಮಕ್ಕಳುಮರಿ ಸಮೇತ ಬರುವವರು ಬಯಲುಸೀಮೆಯ ಜನ. ಹಾವು ಅವರಿಗೆ ಹೊಸದೇನಲ್ಲ. ಕಲ್ಲುನೆಲದ ಗರಗಸ ಮಂಡಲವನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ಆದರೆ ಕಾಫಿ ಗಿಡದ ರೆಂಬೆಯಲ್ಲಿ ಎಲೆಯ ಹಾಗೆಯೇ ಅಲುಗದೆ ಕುಳಿತಿರುವ ಮಲಬಾರ್ ಗುಳಿಮಂಡಲವಾಗಲಿ, ದರಗಿನ ಬಣ್ಣದ, ಮೂತಿ ಮೇಲಕ್ಕೆತ್ತಿದ ಗಿಡ್ಡ ಗುಳಿಮಂಡಲವಾಗಲಿ ಅವರ ಊರಿನಲ್ಲಿಲ್ಲ. ಆಸ್ಪತ್ರೆಯಲ್ಲಿ ಸಿಗುವ ವಿಷನಿರೋಧಕ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕಾಗಿ ತಯಾರಾದದ್ದು. ಗುಳಿಮಂಡಲಗಳಿಗೆ ಅದು ಸಲ್ಲುವುದಿಲ್ಲ. ಆದ್ದರಿಂದ ಕೊಯ್ಲಿನ ಮೊದಲ ದಿನ ಮೇಸ್ತ್ರಿಯು ರೆಂಬೆ ಎಳೆಯುವ ಮುನ್ನ ಕೋಲಿನಿಂದ ತಟ್ಟಲು ಹೇಳಿಕೊಡಬೇಕು.

ಲೈನ್ ಮನೆಯ ಒಳಗೆ ಹೆದರಬೇಕಾದದ್ದು ಕಟ್ಟುಹಾವಿಗೆ. ಅದು ರಾತ್ರಿ ಸಂಚಾರಿ, ನೆಲದ ಮೇಲೆ ಮಲಗಿದವರನ್ನು ನಿದ್ರೆಯಲ್ಲೇ ಕಡಿಯುತ್ತದೆ. ನೋವು, ಬಾವು ಇಲ್ಲವೆಂಬಷ್ಟು ಕಡಿಮೆ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವನಿಗೆ ರಾತ್ರಿಯ ಊಟ ಆಗಿಬಂದಿಲ್ಲವೆಂದು ಕಷಾಯ ಕೊಡುತ್ತಾರೆ. ರೆಪ್ಪೆ ಜೋಲುಬೀಳುವ ಹೊತ್ತಿಗೆ ಅಮೂಲ್ಯ ಸಮಯ ಕಳೆದಿರುತ್ತದೆ.

ಹಾವು ಅಲ್ಲಿಗೇಕೆ ಬರುತ್ತದೆ? ಮುಖ್ಯವಾಗಿ ಇಲಿಗಾಗಿ. ಇಲಿ ಏಕೆ ಬರುತ್ತದೆ? ರೊಟ್ಟಿಯಿಲ್ಲದೆ ಊಟವಾಗದ ಆ ಜನ ಊರಿನಿಂದ ತಂದ ಜೋಳದ ಚೀಲವನ್ನು ಮೂಲೆಯಲ್ಲಿ ಇಟ್ಟಿರುತ್ತಾರೆ, ಇಡಲು ಬೇರೆ ಜಾಗವಿಲ್ಲ. ಗೋಡೆಗೆ ಒತ್ತಿ ಸೌದೆ ಪೇರಿಸಿರುತ್ತದೆ. ಅಡಿಕೆ ಸಿಪ್ಪೆಯನ್ನು ಮನೆಯಂಗಳದಿಂದ ದೂರ ಹಾಕಿಸುವುದು ವಾಡಿಕೆ. ಆ ದೂರವೆಂಬುದು ಅನೇಕ ತೋಟಗಳಲ್ಲಿ ಲೈನ್ ಮನೆಯ ಹಿಂಭಾಗವೇ ಆಗಿದೆ! ಬಾಗಿಲಡಿಯ ಸಂದು, ಬಿರುಕು ಬಿಟ್ಟ ನೆಲಗಟ್ಟು, ದೀಪವಿಲ್ಲದ ಬಚ್ಚಲ ದಾರಿ ಇವನ್ನೂ ಸೇರಿಸಿಕೊಳ್ಳಿ.

ಹಿಡಿದು ದೂರ ಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಆಗುಂಬೆಯಲ್ಲಿ ಕಾಳಿಂಗಗಳಿಗೆ ರೇಡಿಯೋ ಸಾಧನ ಅಳವಡಿಸಿ ಹಿಂಬಾಲಿಸಿದಾಗ, ಬೇರೆಡೆಗೆ ಒಯ್ದು ಬಿಟ್ಟ ಹಾವು ನೆಲೆಯೂರದೆ ಬಹುದೂರ ಅಲೆದದ್ದು ಕಂಡಿತು. ಇಲಿ ಉಳಿದರೆ ಆ ಜಾಗಕ್ಕೆ ಇನ್ನೊಂದು ಹಾವು ಬರುತ್ತದೆ. ಒಳಗೆ ಸೇರಿದ್ದನ್ನು ಹಿಡಿಸಲೇಬೇಕು, ತಿಳಿದವರಿಂದ ಮತ್ತು ಇಲಾಖೆಯ ಮೂಲಕ. ಆದರೆ ಇಲಿ ತಿನ್ನುವ ಕೇರೆಹಾವನ್ನು ಅಟ್ಟಿಸಿಕೊಂಡು ಹೋಗಿ ಬಡಿಯುವವರ ಲೆಕ್ಕ ನಮಗೆ ಅರ್ಥವಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಅದು ಅಪರಾಧ ಕೂಡ.

1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯು ಮನೆ ಕಟ್ಟಿಸುವ ಹೊಣೆಯನ್ನು ದೊಡ್ಡ ಎಸ್ಟೇಟುಗಳ ಮೇಲೆ ಹೊರಿಸಿತ್ತು, ನಮ್ಮಂಥ ಸಣ್ಣವರಿಗೆ ಅದೆಲ್ಲ ಏಕೆ ಎಂದು ಕೆಲವು ಸದಸ್ಯರು ವಾದಿಸುತ್ತಾರೆ. ಹಾವು ಪಹಣಿ ನೋಡಿ ಒಳಗೆ ಬರುವುದಿಲ್ಲ. ಖರ್ಚಾದರೂ ಎಷ್ಟು? ಮನೆಗೊಂದು ಮುಚ್ಚಳದ ಡ್ರಮ್ಮು, ಮಂಚ, ಸೊಳ್ಳೆಪರದೆ, ಒಂದು ಟಾರ್ಚು, ಸಂದಿಗೆ ಒಂದಿಷ್ಟು ಸಿಮೆಂಟು. ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಬೇಕು. ನೇಪಾಳದ ತರಾಯಿಯಲ್ಲಿ ಪರದೆಯೊಳಗೆ ಮಲಗುವವರಿಗೆ ಹಾವು ಕಡಿತ ಕಡಿಮೆಯೆಂದು 2007ರಲ್ಲಿ ಪ್ರಕಟವಾದ ಅಧ್ಯಯನವೇ ತೋರಿಸಿದೆ.

ಉಣುಗಿನ ವಿಷಯವೂ ಒಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹೊಸಬರು ಬಲ್ಲವರಲ್ಲ. ಕಾಡಿನ ದರಗನ್ನು ಲೈನ್ ಮನೆಯ ಹತ್ತಿರ ರಾಶಿ ಹಾಕಿಸಬೇಡಿ. ಸತ್ತ ಮಂಗ ಕಂಡರೆ ಯಾರೂ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಅವರಿಗೆ ಹೇಳಿ.

2024ರ ಫೆಬ್ರವರಿಯಲ್ಲಿ ನಮ್ಮ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಕಡಿತವಾದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದಿಗೆ ಅಲೆಯುವುದು ಬೇಡ. ಕೈಕಾಲು ಅಲುಗಾಡದಂತೆ ಇಟ್ಟು ಆಸ್ಪತ್ರೆಗೆ ಸಾಗಿಸಬೇಕು. 108ರ ಗಾಡಿ ತೋಟದ ರಸ್ತೆಗೆ ಬರಲು ತಡವಾಗುವ ಕಡೆ ಮಾಲೀಕರ ಜೀಪೇ ಹೊರಡಬೇಕು, ರಾತ್ರಿ ಎರಡು ಗಂಟೆಯಾದರೂ ಸರಿ. ಯಾವ ಆಸ್ಪತ್ರೆಯಲ್ಲಿ ಔಷಧದ ದಾಸ್ತಾನಿದೆ ಎಂಬುದನ್ನು ಈಗಲೇ ವಿಚಾರಿಸಿಟ್ಟುಕೊಳ್ಳಿ.

ಡ್ರಮ್ಮು ಮತ್ತು ಪರದೆಗಳನ್ನು ಸಂಘದ ಮೂಲಕ ಸಗಟಾಗಿ ತರಿಸುವ ವಿಷಯವನ್ನು ಮುಂದಿನ ಸಭೆಯಲ್ಲಿ ಮಂಡಿಸಲಿದ್ದೇವೆ. ತಮ್ಮ ತೋಟಕ್ಕೆ ಎಷ್ಟು ಕುಟುಂಬ ಬರುತ್ತವೆಂಬ ಲೆಕ್ಕವನ್ನು ಸದಸ್ಯರು ಅದಕ್ಕೆ ಮುಂಚಿತವಾಗಿ ಕಚೇರಿಗೆ ತಲುಪಿಸಬೇಕು.