ತಕರಾರಿನ ಬಾಡಿಗೆದಾರ

ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ನೆಲೆನಿಂತ ಕನ್ನಡಿಗರ ನಡುವೆ ‘ಒಳ್ಳೆಯ ಬಾಡಿಗೆದಾರ’ ಎಂಬ ಮಾತಿಗೆ ಖಚಿತವಾದ ಅರ್ಥವೊಂದಿದೆ. ತಿಂಗಳ ಮೊದಲ ವಾರದಲ್ಲೇ ಬಾಡಿಗೆ ಕೊಡುವವನು, ನಲ್ಲಿ ಸೋರಿದರೆ ತಾನೇ ಸರಿಪಡಿಸಿಕೊಳ್ಳುವವನು, ಕರಾರು ಮುಗಿದ ದಿನ ಸದ್ದಿಲ್ಲದೆ ಹೊರಡುವವನು. ಒಟ್ಟಿನಲ್ಲಿ, ತಾನು ಅಲ್ಲಿದ್ದೇನೆ ಎಂಬುದನ್ನು ಮಾಲಕನಿಗೆ ನೆನಪಿಸದವನು. ಇದಕ್ಕೆ ಹೊರತಾದವನು ‘ತಕರಾರಿನವನು’. ಈ ವಿಂಗಡಣೆಯನ್ನು ಮತ್ತೊಮ್ಮೆ ಪರಿಶೀಲಿಸುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ಕೇಂದ್ರ ಸರಕಾರದ ನೌಕರನಾಗಿ ಬಹುಕಾಲವನ್ನು ಇಲಾಖೆಯ ವಸತಿಗೃಹಗಳಲ್ಲೇ ಕಳೆದ ನನಗೆ ಮಾಲಕನ ಗತ್ತೂ ಇಲ್ಲ, ಬಾಡಿಗೆದಾರನ ದುಗುಡವೂ ಇಲ್ಲ. ಆದರೆ ಎರಡೂ ಕಡೆಯವರ ಅಹವಾಲು ಕೇಳುವ ಅವಕಾಶ ಧಾರಾಳವಾಗಿ ಒದಗಿದೆ.

ಮಾಲಕರ ಅಂಜಿಕೆಗೆ ಕಾರಣವಿಲ್ಲವೆಂದು ಯಾರೂ ಹೇಳಲಾರರು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಪ್ರಮಾಣವೆಂದು ಹಿಡಿಯಿತು. ನಗರ ಬೆಳೆಯಿತು, ಹಣದ ಬೆಲೆ ಇಳಿಯಿತು, ಹಳೆಯ ಚಾಳುಗಳ ಬಾಡಿಗೆ ಮಾತ್ರ ಇದ್ದಲ್ಲೇ ನಿಂತಿತು. 1973ರ ಫೆಬ್ರವರಿ 1ರಂದು ಲೈಸೆನ್ಸಿನ ಮೇಲೆ ಮನೆಯಲ್ಲಿದ್ದವರನ್ನು ತಿದ್ದುಪಡಿಯೊಂದು ಬಾಡಿಗೆದಾರರೆಂದೇ ಪರಿಗಣಿಸಿತು. ಒಮ್ಮೆ ಒಳಗೆ ಬಂದವರು ಹೊರಗೆ ಹೋಗಲಾರರು ಎಂಬ ಭಯ ಹೀಗೆ ಬೇರುಬಿಟ್ಟಿತು. ‘ಹನ್ನೊಂದು ತಿಂಗಳು’ ಎಂಬ ಮಂತ್ರ ಆ ಭಯದ ಮಗು.

ನಮ್ಮವರ ಮಟ್ಟಿಗೆ ಈ ಭಯಕ್ಕೆ ಇನ್ನೊಂದು ಊರಿನ ನೆನಪೂ ಸೇರಿಕೊಂಡಿದೆ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ಬಳಿಕ ಕರಾವಳಿಯ ಮನೆಮನೆಗಳಲ್ಲಿ ‘ಡಿಕ್ಲರೇಶನ್’ ಎಂಬ ಇಂಗ್ಲಿಷ್ ಶಬ್ದ ಕನ್ನಡ, ತುಳು ಶಬ್ದವಾಗಿಬಿಟ್ಟಿತು. ಒಕ್ಕಲು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯನಾದ. ಧಣಿಯ ಮನೆಯ ಮಗ ರೈಲೋ ಬಸ್ಸೋ ಹತ್ತಿ ಮುಂಬಯಿಗೆ ಬಂದ. ಒಕ್ಕಲಿನ ಮನೆಯ ಮಗನೂ ಅದೇ ಮುಂಬಯಿಗೆ ಬಂದ. ಇಬ್ಬರೂ ಇಲ್ಲಿ ಮೊದಲು ಬಾಡಿಗೆದಾರರಾಗಿ, ಆಮೇಲೆ ಮಾಲಕರಾದರು. ಮಾಲಕರಾದ ಮೇಲೆ ಇಬ್ಬರ ಮಾತೂ ಒಂದೇ ಆಯಿತು.

ನಾನು ಬಲ್ಲ ಹಿರಿಯರೊಬ್ಬರು ಹಾಗೆ ಭೂಮಿ ಕಳೆದುಕೊಂಡ ಮನೆತನದವರು. ನೌಕರಿಯ ಉಳಿತಾಯದಿಂದ ಕಲ್ಯಾಣದ ಒಂದು ಹಳೆಯ ಬಿಲ್ಡಿಂಗಿನಲ್ಲಿ ಎರಡು ಮನೆ ಮಾಡಿ, ತಳಮಹಡಿಯಲ್ಲಿ ತಾವಿದ್ದು, ಎರಡನೆಯ ಮಹಡಿಯದನ್ನು ಮರಾಠಿ ಕುಟುಂಬವೊಂದಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆದಾರ ಮಹಾ ತಕರಾರಿನವನು. ಬಚ್ಚಲಿನ ಸೂರು ಸೋರುತ್ತದೆಂದು ಲಿಖಿತ ದೂರು, ಪ್ಲಂಬರನ ಖರ್ಚು ಮುರಿದುಕೊಂಡು ಬಾಡಿಗೆ, ಪ್ರತಿ ಪಾವತಿಗೂ ರಸೀದಿ. ಬೇಸತ್ತ ಹಿರಿಯರು ವಕೀಲರಿಂದ ನೋಟೀಸು ಕಳಿಸಿದರು. ಮೆಟ್ಟಿಲಲ್ಲಿ ಎದುರಾದರೂ ಮಾತು ನಿಂತಿತು.

ಆಮೇಲೆ ಬಂದದ್ದು 2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ಸಂಗತಿ ಎಲ್ಲರಿಗೂ ಗೊತ್ತು. ಉಲ್ಹಾಸ್ ನದಿ ಉಕ್ಕಿ ಬದ್ಲಾಪುರ, ಕಲ್ಯಾಣಗಳ ತಗ್ಗು ಪ್ರದೇಶಗಳು ಮುಳುಗಿದ್ದು ಅಷ್ಟಾಗಿ ನೆನಪಾಗುವುದಿಲ್ಲ. ಲೋಕಲ್ ಗಾಡಿಗಳು ನಿಂತಿದ್ದವು. ಹಿರಿಯರ ಮಗ ಮುಂಬಯಿಯ ಕಚೇರಿಯಲ್ಲೇ ಉಳಿದಿದ್ದ. ತಳಮಹಡಿಗೆ ನೀರು ನುಗ್ಗಿದಾಗ ಕೆಳಗಿಳಿದು ಬಾಗಿಲು ಬಡಿದವನು ಅದೇ ಬಾಡಿಗೆದಾರ. “ಕಾಕಾ, ಮೊದಲು ಕಾಕೂ ಅವರನ್ನು ಮೇಲೆ ಕರೆದುಕೊಂಡು ಹೋಗುತ್ತೇನೆ, ನೀವು ಕಾಗದಪತ್ರ ತೆಗೆಯಿರಿ” ಎಂದನಂತೆ.

ಮೂರು ದಿನ ಆ ವೃದ್ಧ ದಂಪತಿ ತಮ್ಮದೇ ಮನೆಯಲ್ಲಿ ಅತಿಥಿಗಳಾಗಿದ್ದರು. ವಿದ್ಯುತ್ತಿಲ್ಲದೆ ಫ್ರಿಜ್ ಸ್ತಬ್ಧವಾದಾಗ ಅಮ್ಮನವರ ಇನ್ಸುಲಿನ್ ಬಾಟಲಿಯನ್ನು ಬಾಡಿಗೆದಾರನ ಹೆಂಡತಿ ನೀರಿನ ಮಡಕೆಯ ಪಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ನೆನೆದ ಕಾಗದಗಳನ್ನು ಅವನು ಒಂದೊಂದಾಗಿ ಬಿಡಿಸಿ, ಒಳಗಿನ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸಿದ. ಸೊಸೈಟಿಯ ಶೇರು ಪ್ರಮಾಣಪತ್ರ, ಬ್ಯಾಂಕಿನ ರಸೀದಿಗಳು. ಅವುಗಳ ನಡುವೆ, ಅವನಿಗೇ ಕಳಿಸಿದ್ದ ವಕೀಲರ ನೋಟೀಸಿನ ಪ್ರತಿ. ಅದನ್ನೂ ಒಣಗಿಸಿ, ಮಡಚಿ, ಕಾಗದಗಳ ಜೊತೆಗಿಟ್ಟ. ಒಂದು ಮಾತನ್ನೂ ಆಡಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಅದೊಂದು ನೀತಿಕಥೆಯಾಗುತ್ತಿತ್ತು. ಆಗಸ್ಟ್ ತಿಂಗಳ ಬಾಡಿಗೆ ಬಂದಾಗ ಅದರಲ್ಲಿ ಮತ್ತೆ ಪ್ಲಂಬರನ ಖರ್ಚು ಮುರಿದಿತ್ತು, ಬಿಲ್ಲು ಲಗತ್ತಾಗಿತ್ತು. ಇದನ್ನು ಹೇಳುವಾಗ ಹಿರಿಯರ ದನಿಯಲ್ಲಿ ಸಿಟ್ಟೂ ಇತ್ತು, ಅಕ್ಕರೆಯೂ ಇತ್ತು. ನನಗೆ ಈ ಪ್ರಸಂಗದ ತಿರುಳು ಆ ಬಿಲ್ಲಿನಲ್ಲೇ ಕಾಣುತ್ತದೆ. ಉಪಕಾರ ಮಾಡಿದೆನೆಂದು ಅವನು ಹಕ್ಕನ್ನು ಹೆಚ್ಚಿಸಿಕೊಳ್ಳಲಿಲ್ಲ, ಜಗಳವಿದೆಯೆಂದು ಉಪಕಾರವನ್ನು ತಡೆಹಿಡಿಯಲಿಲ್ಲ. ಎರಡನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆದ. ಸೂರಿನ ತೇವವನ್ನು ಗಮನಿಸುವ ಕಣ್ಣೇ ತಳಮಹಡಿಗೆ ಏರಿದ ನೀರನ್ನೂ ಗಮನಿಸಿತು. ಸದ್ದಿಲ್ಲದ ‘ಒಳ್ಳೆಯ’ ಬಾಡಿಗೆದಾರ ಆ ರಾತ್ರಿ ಬಾಗಿಲು ಬಡಿಯುತ್ತಿದ್ದನೋ ಇಲ್ಲವೋ, ನಾವು ಹೇಳಲಾರೆವು.

ಹಾಗಾದರೆ ಮಾಲಕರು ಕಣ್ಣುಮುಚ್ಚಿ ನಂಬಬೇಕೇ? ಖಂಡಿತ ಬೇಡ. 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ, 1999, ಮಾಲಕರ ಹಳೆಯ ಭಯಕ್ಕೆ ಬಹುಮಟ್ಟಿಗೆ ಉತ್ತರ ಕೊಟ್ಟಿದೆ. ಲೈಸೆನ್ಸಿನ ಅವಧಿ ಮುಗಿದರೂ ಮನೆ ಬಿಡದವನು ಎರಡು ಪಟ್ಟು ಶುಲ್ಕ ತೆರಬೇಕೆಂದು ಅದರ 24ನೆಯ ಕಲಮು ಹೇಳುತ್ತದೆ. 55ನೆಯ ಕಲಮಿನ ಪ್ರಕಾರ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ಆ ಹೊಣೆ ಮಾಲಕನದು. ನೋಂದಣಿ ಇಲ್ಲದಿದ್ದರೆ, ಬೇರೆ ರೀತಿ ಸಾಬೀತಾಗುವವರೆಗೆ, ಬಾಡಿಗೆದಾರ ಹೇಳಿದ ಷರತ್ತೇ ಪ್ರಮಾಣ. ‘ನಮ್ಮವರೇ ಅಲ್ಲವೇ, ಕಾಗದವೇಕೆ?’ ಎನ್ನುವವರು ಇದನ್ನು ಗಮನಿಸಬೇಕು. ಕಾಗದ ಸರಿಯಾಗಿದ್ದರೆ ಸಂಶಯಕ್ಕೆ ಕೆಲಸ ಕಡಿಮೆ.

ಕಾನೂನು ಇಷ್ಟು ಆಸರೆ ಕೊಟ್ಟ ಮೇಲೂ ನಾವು ಬಾಡಿಗೆದಾರನ ಜಾತಿ, ಭಾಷೆ, ಅಡುಗೆಗಳನ್ನು ವಿಚಾರಿಸುತ್ತೇವೆ. ‘ಕನ್ನಡದವರಿದ್ದರೆ ಹೇಳಿ’ ಎಂದು ಏಜೆಂಟನಿಗೆ ಸೂಚಿಸುತ್ತೇವೆ. ಈ ನಗರಗಳಲ್ಲಿ ಯಾರೋ ಅಪರಿಚಿತರು ಬಾಗಿಲು ತೆರೆದದ್ದರಿಂದಲೇ ನಮ್ಮ ಹಿಂದಿನ ತಲೆಮಾರು ಇಲ್ಲಿ ತಳವೂರಿತು. ಆ ಬಾಗಿಲು ತೆರೆದವರು ನಮ್ಮ ಭಾಷೆಯನ್ನು ಬಲ್ಲವರಾಗಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಬೇಸಾಯದ ಗೇಣಿದಾರನಿಗೆ ‘ಒಕ್ಕಲು’ ಎನ್ನುತ್ತಾರೆ. ಹೊಸ ಮನೆಯ ಪ್ರವೇಶಕ್ಕೂ ‘ಮನೆ ಒಕ್ಕಲು’ ಎಂದೇ ಹೆಸರು. ಭೂಮಿಯ ಒಡೆಯನೂ ತನ್ನ ಮನೆಗೆ ಸೇರುವುದು ಒಕ್ಕಲಾಗಿಯೇ. ಮುಂದಿನ ಸಲ ಮೇಲ್ಮಹಡಿಯಿಂದ ದೂರಿನ ಚೀಟಿ ಬಂದಾಗ, ವಕೀಲರಿಗೆ ಫೋನು ಮಾಡುವ ಮೊದಲು ಒಮ್ಮೆ ಮೆಟ್ಟಿಲು ಹತ್ತಿ ಸೂರು ನೋಡಿ ಬರುವುದು ಮೇಲು. ಬಹಳ ಸಲ ಸೂರು ನಿಜವಾಗಿಯೇ ಸೋರುತ್ತಿರುತ್ತದೆ.