ಮೇಳ ಮುರಿಯಬೇಕೆ, ಗೆಜ್ಜೆ ಬಿಚ್ಚಿದರೆ ಸಾಲದೆ?

ಜನಪ್ರಿಯತೆಯ ತುತ್ತತುದಿಯಲ್ಲಿರುವಾಗಲೇ ಹಾಡುವ ತಂಡ ತನ್ನ ಅಂಗಡಿಯನ್ನು ಮುಚ್ಚಿಬಿಡಬೇಕು, ಜನ ‘ಸಾಕು’ ಎನ್ನುವ ಮೊದಲೇ ತಾನು ‘ಸಾಕು’ ಎನ್ನಬೇಕು ಎಂಬುದೊಂದು ವಾದ ಈಚೆಗೆ ವಿದ್ಯಾವಂತರಲ್ಲಿ ಬಹಳ ಮನ್ನಣೆ ಪಡೆದಿದೆ. ಈ ಮಾತು ಹುಟ್ಟಿದ್ದು ರಾಕ್ ಸಂಗೀತದ ರಸಿಕರ ನಡುವೆ ಇರಬಹುದು. ಈಗ ಅದು ರೈಲು ಹತ್ತಿ ನಮ್ಮ ಕಡೂರು, ತರೀಕೆರೆ, ಅಜ್ಜಂಪುರಗಳಲ್ಲೂ ಬಂದಿಳಿದಿದೆ. ಗಣೇಶೋತ್ಸವದ ಸಮಿತಿಯವರು ಸಭೆ ಸೇರಿದರೆ ಸಾಕು, ಯಾರಾದರೊಬ್ಬ ತರುಣ ಎದ್ದು ನಿಂತು, “ಆ ಹಳೆಯ ಆರ್ಕೆಸ್ಟ್ರಾದವರನ್ನು ಇನ್ನೆಷ್ಟು ವರ್ಷ ಕರೆಯುತ್ತೀರಿ? ಅವರು ಹತ್ತು ವರ್ಷದ ಹಿಂದೆಯೇ ನಿಲ್ಲಿಸಬೇಕಾಗಿತ್ತು” ಎನ್ನುತ್ತಾನೆ. ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರು ಅಹುದಹುದೆಂದು ತಲೆದೂಗುತ್ತಾರೆ. “ಮೇಷ್ಟ್ರೇ, ನೀವೇನು ಹೇಳುತ್ತೀರಿ?” ಎಂದು ಕೇಳಿದವರೂ ಉಂಟು. ಕಾಲೇಜಿನಲ್ಲಿ ಕನ್ನಡ ಕಲಿಸುವ ನನಗೆ ಗಿಟಾರಿನ ಶ್ರುತಿ ಮಾಡುವುದು ತಿಳಿಯದು. ಆದರೆ ಈ ವಾದದ ಹುಳುಕು ತಿಳಿಯಲು ಗಿಟಾರು ಬೇಕಾಗಿಲ್ಲ.

ಮೊದಲು ಮಾತಿನ ಅರ್ಥವನ್ನು ನೋಡೋಣ. ಹಳೆಯದಾಗುವುದು ಬೇರೆ, ಹಳಸುವುದು ಬೇರೆ. ನಮ್ಮ ಮನೆಯ ಹೆಂಗಸರು ಹಳೆಯ ಅಕ್ಕಿಯನ್ನು ಕೇಳಿ ಕೊಳ್ಳುತ್ತಾರೆ. ಹಳೆಯ ಹುಣಿಸೆಹಣ್ಣಿಗೆ ಭರಣಿಯಲ್ಲಿ ಬೇರೆಯೇ ಜಾಗವಿದೆ. ಹಳಸಿದ ಅನ್ನವನ್ನು ಮಾತ್ರ ಬಿಸಾಡುತ್ತಾರೆ. ಅದು ನೆನ್ನೆ ರಾತ್ರಿಯದೇ ಆಗಿದ್ದರೂ ಸರಿಯೆ. ಹಳಸುವುದಕ್ಕೆ ವಯಸ್ಸು ಕಾರಣವಲ್ಲವೆಂಬ ಈ ವಿವೇಕ ಅಡುಗೆಮನೆಯಲ್ಲಿ ಇದ್ದು ಸಭೆಯಲ್ಲಿ ಇಲ್ಲವಾಗಿರುವುದು ಸೋಜಿಗ. ಎರಡೇ ವರ್ಷ ಹಾಡಿ ಹಳಸಿದ ತಂಡಗಳನ್ನು ನಾನು ಕೇಳಿದ್ದೇನೆ. ಮೂವತ್ತು ವರ್ಷ ಹಾಡಿಯೂ ಕಿವಿ ನಿಮಿರುವಂತೆ ಹಾಡುವವರನ್ನೂ ಕೇಳಿದ್ದೇನೆ.

ಈ ವಾದದವರ ಬತ್ತಳಿಕೆಯಲ್ಲಿರುವ ಬ್ರಹ್ಮಾಸ್ತ್ರವೆಂದರೆ ಇಂಗ್ಲೆಂಡಿನ ಬೀಟಲ್ಸ್ ತಂಡ. 1962ರಲ್ಲಿ ಅವರ ಮೊದಲ ಧ್ವನಿಮುದ್ರಿಕೆ ಬಂತು. 1970ರಲ್ಲಿ ತಂಡ ಒಡೆಯಿತು. ಎಂಟು ವರ್ಷಗಳಲ್ಲಿ ಲೋಕವನ್ನೇ ಗೆದ್ದು, ಕಳೆ ಕುಂದುವ ಮೊದಲೇ ಮರೆಯಾದರೆಂದು ಇವರು ಕಣ್ಣರಳಿಸಿ ಹೇಳುತ್ತಾರೆ. ಪಕ್ಕದಲ್ಲಿಯೇ ರೋಲಿಂಗ್ ಸ್ಟೋನ್ಸ್ ತಂಡವನ್ನು ತಂದು ನಿಲ್ಲಿಸಿ, 1962ರಲ್ಲಿ ಹುಟ್ಟಿದ ಇದು 2023ರಲ್ಲಿಯೂ ಹೊಸ ಹಾಡುಗಳ ಸಂಪುಟವನ್ನು ತಂದಿತಲ್ಲ, ಎಂಬತ್ತು ವರ್ಷದ ಮುದುಕರಿಗೆ ಇದೇಕೆ ಬೇಕಿತ್ತೆಂದು ನಗುತ್ತಾರೆ.

ಬೀಟಲ್ಸ್ ತಂಡದವರು ವಿವೇಕದಿಂದ ವಿರಮಿಸಿದರೆಂಬುದು ಕಟ್ಟುಕತೆ. 1970ರ ಡಿಸೆಂಬರ್ 31ರಂದು ಪಾಲ್ ಮ್ಯಾಕಾರ್ಟ್ನಿ ತಮ್ಮ ಪಾಲುದಾರಿಕೆಯನ್ನು ಕೊನೆಗಾಣಿಸಬೇಕೆಂದು ಲಂಡನ್ನಿನ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಹಣದ ವ್ಯವಹಾರ ಯಾರ ಕೈಯಲ್ಲಿರಬೇಕೆಂಬುದು ಜಗಳದ ದೊಡ್ಡ ಕಾರಣಗಳಲ್ಲೊಂದು. ನಮ್ಮೂರಿನ ಭಾಷೆಯಲ್ಲಿ ಇದಕ್ಕೆ ಮನೆ ಪಾಲಾಗುವುದು ಎನ್ನುತ್ತಾರೆ, ವೈರಾಗ್ಯ ಎನ್ನುವುದಿಲ್ಲ. ಪಾಲಾದ ಮೇಲೆ ನಾಲ್ವರೂ ಬೇರೆ ಬೇರೆಯಾಗಿ ಹಾಡುವುದನ್ನು ಮುಂದುವರಿಸಿದರು. ಹಾಡು ಸಾಕೆಂದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 1966ರ ಆಗಸ್ಟಿನಲ್ಲಿಯೇ ಅವರು ಊರೂರು ತಿರುಗಿ ಹಾಡುವುದನ್ನು ಬಿಟ್ಟು ಧ್ವನಿಮುದ್ರಣದ ಕೋಣೆಯನ್ನು ಸೇರಿದ್ದರು. ಮುದ್ರಿಕೆಗಳು ಮಾರಾಟವಾಗುತ್ತಿದ್ದವು, ಹೊಟ್ಟೆಪಾಡು ನಡೆಯುತ್ತಿತ್ತು. ಈ ಸೌಕರ್ಯ ನಮ್ಮ ಕಡೆಯ ತಂಡಗಳಿಗೆ ಎಲ್ಲಿದೆ? ಅಜ್ಜಂಪುರದ ಪೆಂಡಾಲಿನಲ್ಲಿ ತಬಲ ನುಡಿಸುವವನಿಗೆ ಆ ರಾತ್ರಿಯ ಸಂಭಾವನೆಯೇ ಎಲ್ಲ. ತಂಡ ಮುರಿದರೆ ಮುಖ್ಯ ಗಾಯಕನಿಗೆ ನಾಳೆ ಬೇರೊಂದು ವೇದಿಕೆ ಸಿಕ್ಕೀತು. ತಬಲದವನು ಅಡಕೆ ಸುಲಿಯಲು ಹೋಗಬೇಕು. ‘ಘನತೆಯಿಂದ ನಿಲ್ಲಿಸಿ’ ಎನ್ನುವವರು ಯಾರ ಖರ್ಚಿನಲ್ಲಿ ಘನತೆಯನ್ನು ಕೊಳ್ಳುತ್ತಿದ್ದಾರೆಂದು ಒಮ್ಮೆ ಯೋಚಿಸಬೇಕು.

ಲಂಡನ್ನಿನ ಮಾತು ಅಲ್ಲಿಗಿರಲಿ. ರಾಕ್ ತಂಡಗಳು ಹುಟ್ಟುವುದಕ್ಕೆ ಬಹಳ ಹಿಂದೆಯೇ ಜನಪ್ರಿಯತೆಯ ಸಿಹಿಯನ್ನೂ ಕಹಿಯನ್ನೂ ಉಂಡ ತಂಡಗಳು ನಮ್ಮಲ್ಲಿದ್ದವು. ಅವು ನಾಟಕ ಕಂಪೆನಿಗಳು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪೆನಿಯನ್ನೇ ತೆಗೆದುಕೊಳ್ಳಿ. 1934ರಲ್ಲಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಅದಕ್ಕಿಂತ ದೊಡ್ಡ ಜನಪ್ರಿಯತೆಯನ್ನು ಯಾವ ತಂಡ ಕಂಡೀತು? ಇಂದಿನ ಸಲಹೆಗಾರರು ಅಂದು ಇದ್ದಿದ್ದರೆ, “ವೀರಣ್ಣನವರೇ, ಇದೇ ಶಿಖರ; ಇಲ್ಲಿಗೆ ನಿಲ್ಲಿಸಿ” ಎನ್ನುತ್ತಿದ್ದರು. ವೀರಣ್ಣನವರು ನಿಲ್ಲಿಸಲಿಲ್ಲ. ಕಂಪೆನಿ ಮತ್ತೆ ದಶಕಗಳ ಕಾಲ ನಡೆಯಿತು. ಮುತ್ತುರಾಜನೆಂಬ ಹುಡುಗ ತಂದೆ ಪುಟ್ಟಸ್ವಾಮಯ್ಯನವರೊಂದಿಗೆ ಆ ಕಂಪೆನಿಯಲ್ಲಿ ಬೆಳೆದು, 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ರಾಜಕುಮಾರನಾದ. ಮನೆ ಬಿಟ್ಟು ಓಡಿಬಂದು ಅಲ್ಲಿ ಸೇರಿಕೊಂಡ ಇನ್ನೊಬ್ಬ ಹುಡುಗ ಮುಂದೆ ಬಿ. ವಿ. ಕಾರಂತರಾದರು, ಕನ್ನಡ ರಂಗಭೂಮಿಗೆ ಹೊಸ ಕಿವಿಯನ್ನೇ ಕೊಟ್ಟರು. ಶಿಖರದಲ್ಲಿಯೇ ಕಂಪೆನಿಯನ್ನು ಮುಚ್ಚಿದ್ದರೆ ಈ ಹುಡುಗರು ಯಾರ ಬಾಗಿಲನ್ನು ತಟ್ಟಬೇಕಾಗಿತ್ತು? ತಂಡವೆಂದರೆ ಮನರಂಜನೆಯ ಅಂಗಡಿಯೊಂದೇ ಆಗಿದ್ದರೆ ಮುಚ್ಚಬಹುದು. ಅದೊಂದು ಮಠವೂ ಹೌದು, ಗರಡಿಮನೆಯೂ ಹೌದು.

ಹಾಗಾದರೆ ಕಂಪೆನಿಗಳು ಹಳಸಲೇ ಇಲ್ಲವೆ ಎಂದು ಓದುಗರು ಕೇಳಬಹುದು. ಹಳಸಿದುವು, ಮೂಗು ಮುಚ್ಚಿಕೊಳ್ಳುವಂತೆ ಹಳಸಿದುವು. ಅರವತ್ತು ದಾಟಿದ ಮಾಲೀಕ ಹದಿನೆಂಟರ ರಾಜಕುಮಾರನ ಪಾತ್ರವನ್ನು ಬಿಟ್ಟುಕೊಡಲಿಲ್ಲ. ಒಂದು ಊರಿನಲ್ಲಿ ಶಿಳ್ಳೆ ಗಿಟ್ಟಿಸಿದ ದ್ವಂದ್ವಾರ್ಥದ ಮಾತನ್ನು ಹತ್ತು ಊರುಗಳಲ್ಲಿ ಆಡಿದರು. ಇದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಆದರೆ ರೋಗ ಯಾವ ಅಂಗದ್ದೆಂದು ನೋಡದೆ ರೋಗಿಯನ್ನೇ ಕೊಲ್ಲುವುದು ವೈದ್ಯವೆ?

ಹಿಂದೆ ಈ ರೋಗ ಬೇಗ ತಟ್ಟದಿದ್ದುದಕ್ಕೆ ಒಂದು ಕಾರಣವಿತ್ತು. ಬೀರೂರು ಜಂಕ್ಷನ್ನಿನಿಂದ ಒಂದು ದಾರಿ ಕಡೂರಿನ ಮೇಲೆ ಬೆಂಗಳೂರಿಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಮತ್ತೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ ಹೋಗುತ್ತದೆ. ಕಂಪೆನಿಯ ಕ್ಯಾಂಪು ಸಾಗುತ್ತಿದ್ದುದು ಇಂಥ ದಾರಿಗಳಲ್ಲಿಯೇ. ಒಂದೂರಿನಲ್ಲಿ ಗಲ್ಲಾ ಪೆಟ್ಟಿಗೆ ಹಗುರವಾದರೆ ಪರದೆ ಸುತ್ತಿ ಮುಂದಿನ ಊರಿಗೆ ಹೋದರಾಯಿತು. ಇಲ್ಲಿ ಹಳೆಯ ನಾಟಕ ಅಲ್ಲಿ ಹೊಸದು. ಇಂದು ಕೈಯಲ್ಲಿರುವ ಫೋನು ಎಲ್ಲ ಊರುಗಳನ್ನೂ ಒಂದೇ ಊರು ಮಾಡಿದೆ. ಕಡೂರಿನಲ್ಲಿ ರಾತ್ರಿ ಹಾಡಿದ್ದನ್ನು ಬೆಳಗಾಗುವಷ್ಟರಲ್ಲಿ ತರೀಕೆರೆಯವರು ಕಂಡಿರುತ್ತಾರೆ. ಊರು ಬದಲಾಯಿಸಿ ಹೊಸತನ ಗಳಿಸುವ ದಾರಿ ಮುಚ್ಚಿಹೋಯಿತು. ಇನ್ನು ಬದಲಾಗಬೇಕಾದ್ದು ತಂಡವೇ.

ಬದಲಾಗುವುದು ಸಾಧ್ಯವೆಂಬುದಕ್ಕೆ ಸಾಕ್ಷಿ ಬೇಕಾದರೆ ಮಾಸ್ಟರ್ ಹಿರಣ್ಣಯ್ಯನವರನ್ನು ನೆನೆಯಬೇಕು. 2019ರಲ್ಲಿ ತೀರಿಕೊಂಡ ಅವರು ‘ಲಂಚಾವತಾರ’ ಎಂಬ ಒಂದೇ ನಾಟಕವನ್ನು ದಶಕಗಳ ಕಾಲ, ಸಾವಿರಾರು ಸಲ ಆಡಿದರು. ನಾಟಕದ ಹೆಸರು ಅದೇ. ಒಳಗಿನ ಮಾತು ಮಾತ್ರ ಆ ಹೊತ್ತಿನ ರಾಜಕೀಯವನ್ನು ಕಂಡು ಹೊಸದಾಗಿ ಹುಟ್ಟುತ್ತಿತ್ತು. ಮಂತ್ರಿಗಳು ಬದಲಾದಂತೆ ಚಾಟಿಯೇಟೂ ಬದಲಾಗುತ್ತಿತ್ತು. ನಮ್ಮ ಕಡೂರು ತಾಲ್ಲೂಕಿನ ದೇವನೂರಿನವನೆಂದು ನಾವು ಹೆಮ್ಮೆಪಡುವ ಲಕ್ಷ್ಮೀಶನದೂ ಇದೇ ಮಾತು. ನಮಗೆ ಅವನಿಂದ ದೊರಕಿರುವುದು ‘ಜೈಮಿನಿ ಭಾರತ’ವೊಂದೇ. ಶತಮಾನಗಳಿಂದ ಗಮಕಿಗಳು ಅದನ್ನೇ ಓದುತ್ತ ಬಂದಿದ್ದಾರೆ, ಕಾವ್ಯ ಹಳಸಿಲ್ಲ. ಬೇಸರದಿಂದ ಓದಿದ ಗಮಕಿ ಒಂದೇ ಸಂಜೆಯಲ್ಲಿ ಹಳಸಿದ್ದಾನೆ.

ಇಲ್ಲಿ ರಸಿಕರೆನಿಸಿಕೊಂಡ ನಮ್ಮ ಪಾಲನ್ನೂ ಹೇಳಬೇಕು. ಹಾಡುವವರು ಹೊಸ ಹಾಡೊಂದನ್ನು ಎತ್ತಿಕೊಂಡರೆ ಮುಂದಿನ ಸಾಲಿನಿಂದ ಚೀಟಿ ಹೋಗುತ್ತದೆ. ಚೀಟಿಯಲ್ಲಿ ಏನಿರುತ್ತದೆ? ಇಪ್ಪತ್ತು ವರ್ಷದಿಂದ ಕೇಳಿದ ಅದೇ ಚಿತ್ರಗೀತೆ. ಅದನ್ನು ಹಾಡಿದರೆ ಚಪ್ಪಾಳೆ, ಹಾಡದಿದ್ದರೆ ಕೂಗು. ಹಾಡಿಸಿಕೊಂಡು ಮನೆಗೆ ಹೋಗುವಾಗ, “ಇವರ ಹತ್ತಿರ ಹೊಸದೇನೂ ಇಲ್ಲ ಕಣಯ್ಯ” ಎಂಬ ತೀರ್ಪು! ಸಾಹಿತ್ಯದಲ್ಲಿಯೂ ನಾವು ಹೀಗೆಯೇ. ಅಜ್ಜಂಪುರ ಸೀತಾರಾಮರು, ‘ಆನಂದ’ ಎಂಬ ಹೆಸರಿನಿಂದ ಬರೆದವರು, 1963ರಲ್ಲಿ ತೀರಿಕೊಂಡರು. ಅವರ ಹೆಸರೆತ್ತಿದೊಡನೆ ನಾವು ‘ನಾನು ಕೊಂದ ಹುಡುಗಿ’ ಎನ್ನುತ್ತೇವೆ. ಅವರು ಬೇರೆ ಕತೆಯನ್ನೇ ಬರೆಯಲಿಲ್ಲವೋ ಎಂಬಂತೆ ಸುಮ್ಮನಾಗುತ್ತೇವೆ. ಒಂದನ್ನೇ ಕೇಳುವವರು ನಾವು; ಒಂದನ್ನೇ ಕೊಟ್ಟರೆಂದು ದೂರುವವರೂ ನಾವೇ.

ಹಾಗೆಂದು ತಂಡಗಳು ಇದ್ದಂತೆಯೇ ಇರಲಿ ಎಂಬುದು ನನ್ನ ವಾದವಲ್ಲ. ಈ ಕಗ್ಗಂಟಿಗೆ ಬಿಡುಗಡೆಯ ದಾರಿ ನಮ್ಮ ಪರಂಪರೆಯಲ್ಲಿಯೇ ಇದೆ. ಕರಾವಳಿಯ ಯಕ್ಷಗಾನ ಮೇಳಗಳು ಪ್ರತಿವರ್ಷ ಮೇ ತಿಂಗಳ ಕೊನೆಯ ಹೊತ್ತಿಗೆ, ಪತ್ತನಾಜೆಯ ದಿನ, ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ಕಳೆದು ದೀಪಾವಳಿ ಮುಗಿದ ಮೇಲೆ ಮತ್ತೆ ಗೆಜ್ಜೆ ಕಟ್ಟುತ್ತಾರೆ. ಆ ನಡುವೆ ಒಬ್ಬ ವೇಷಧಾರಿ ಬೇರೆ ಮೇಳಕ್ಕೆ ಹೋಗಬಹುದು, ಹೊಸ ಹುಡುಗನೊಬ್ಬ ಕೋಡಂಗಿ ವೇಷದಿಂದ ಒಂದು ಮೆಟ್ಟಲು ಮೇಲೇರಬಹುದು, ಹೊಸ ಪ್ರಸಂಗ ಸಿದ್ಧವಾಗಬಹುದು. ಮೇಳದ ಹೆಸರು ಉಳಿಯುತ್ತದೆ. ಮೇಳ ಮಾತ್ರ ವರ್ಷಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತದೆ.

ಇದೇ ಮರ್ಮವನ್ನು ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು ಆಧುನಿಕ ರಂಗಭೂಮಿಗೆ ತಂದರು. 1985ರಲ್ಲಿ ಆರಂಭವಾದ ನೀನಾಸಮ್ ತಿರುಗಾಟ ವರ್ಷವರ್ಷವೂ ತಂಡ ಕಟ್ಟಿ, ಹೊಸ ನಾಟಕಗಳನ್ನು ಕಲಿಸಿ, ಕರ್ನಾಟಕವನ್ನು ಸುತ್ತಿಸುತ್ತದೆ. ನಮಗೆ ಇನ್ನೂ ಹತ್ತಿರದ ನಿದರ್ಶನ ಬೇಕೆಂದರೆ ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿದೆ. ಪಂಡಿತಾರಾಧ್ಯ ಸ್ವಾಮಿಗಳ ಆಶ್ರಯದಲ್ಲಿ 1997ರಲ್ಲಿ ಮೊದಲಾದ ಶಿವಸಂಚಾರವೂ ಇದೇ ಬಗೆಯದು. ಇವು ದಶಕಗಳಿಂದ ನಡೆದು ಬಂದಿವೆ. ಮೂವತ್ತು ವರ್ಷದ ಹಿಂದಿನ ನಾಯಕನಟ ಇಂದಿಗೂ ಅದೇ ಪಾತ್ರಕ್ಕೆ ಅಂಟಿಕೊಂಡಿಲ್ಲ. ಸಂಸ್ಥೆಯ ಆಯುಷ್ಯ ಬೇರೆ, ತಂಡದ ಆಯುಷ್ಯ ಬೇರೆ ಎಂದು ಅವರು ಬಿಡಿಸಿಟ್ಟುಕೊಂಡಿರುವುದೇ ಇದರ ಗುಟ್ಟು.

ರಾಕ್ ತಂಡಗಳೂ ನಮ್ಮ ಆರ್ಕೆಸ್ಟ್ರಾಗಳೂ ಎಡವಿರುವುದು ಇಲ್ಲಿಯೇ. ಇವರಿಗೆ ಪತ್ತನಾಜೆಯಿಲ್ಲ. ನಾಲ್ಕು ಜನ ಸ್ನೇಹಿತರು ಸೇರಿ ಮದುವೆಯಾದವರಂತೆ ಕಟ್ಟಿಕೊಂಡಿರುತ್ತಾರೆ. ಅವರ ಮುಂದಿರುವುದು ಎರಡೇ ದಾರಿ, ಹೇಗೋ ಸಂಸಾರ ಸಾಗಿಸುವುದು, ಇಲ್ಲವೆ ಬಿಡುಗಡೆ ಪಡೆಯುವುದು. ‘ಮುರಿಯಬೇಕೆ, ಬೇಡವೆ’ ಎಂಬ ಪ್ರಶ್ನೆ ಹುಟ್ಟುವುದೇ ಈ ಇಕ್ಕಟ್ಟಿನಿಂದ. ಅಜ್ಜಂಪುರದವರಿಗೆ ನಾನು ಇದನ್ನು ಬೇರೆ ರೀತಿಯಲ್ಲಿ ಹೇಳಬಲ್ಲೆ. ಅಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಮೈಸೂರು ಅರಸರ ಕಾಲದಿಂದ ಬಂದ ತಳಿಯದು. ಹೋರಿಗೆ ವಯಸ್ಸಾಯಿತೆಂದು ಹಿಂಡನ್ನೇ ಚದುರಿಸಿದ್ದರೆ ಆ ತಳಿ ಇಂದು ಚಿತ್ರಪಟದಲ್ಲಿ ಮಾತ್ರ ಇರುತ್ತಿತ್ತು. ಕರುಗಳನ್ನು ಬೆಳೆಸಿದರು, ಹಿಂಡು ಉಳಿಯಿತು.

ಮುಂದಿನ ಗಣೇಶೋತ್ಸವಕ್ಕೆ ನಮ್ಮ ಮೂರೂರುಗಳ ಸಮಿತಿಯವರಲ್ಲಿ ನನ್ನ ಬಿನ್ನಹ ಇಷ್ಟೆ. ಹಳೆಯ ತಂಡವನ್ನು ಕರೆಯುವ ಮುನ್ನ ಅವರ ವಯಸ್ಸನ್ನು ಎಣಿಸಬೇಡಿ. ಎರಡು ಪ್ರಶ್ನೆ ಕೇಳಿ. ಈ ವರ್ಷ ಹೊಸದಾಗಿ ಕಲಿತ ಹಾಡುಗಳೆಷ್ಟು? ಹೊಸದಾಗಿ ಸೇರಿಸಿಕೊಂಡ ಹುಡುಗ ಹುಡುಗಿಯರೆಷ್ಟು? ಎರಡಕ್ಕೂ ಉತ್ತರವಿಲ್ಲದಿದ್ದರೆ, “ಒಂದು ವರ್ಷ ಗೆಜ್ಜೆ ಬಿಚ್ಚಿ ಕುಳಿತು ಕಲಿತು ಬನ್ನಿ, ಮುಂದಿನ ವರ್ಷದ ವೀಳ್ಯವನ್ನು ಇಂದೇ ಕೊಡುತ್ತೇವೆ” ಎನ್ನಿ. ತಂಡದ ಹಿರಿಯರಲ್ಲಿಯೂ ಒಂದು ಮಾತು: ಮೈಕನ್ನು ಅರ್ಧ ರಾತ್ರಿ ಕಿರಿಯರ ಕೈಗೆ ಕೊಟ್ಟು ನೀವು ಹಾರ್ಮೋನಿಯಮ್ಮಿನ ಹಿಂದೆ ಕುಳಿತುಕೊಳ್ಳಿ, ಆ ಸ್ಥಾನಕ್ಕೂ ಮರ್ಯಾದೆಯಿದೆ. ಮುಂದಿನ ಸಾಲಿನ ರಸಿಕರು ಚೀಟಿ ಕಳಿಸುವುದೇ ಆದರೆ, ತಾವು ಈವರೆಗೆ ಕೇಳದ ಹಾಡೊಂದನ್ನು ಹಾಡಿರೆಂದು ಒಮ್ಮೆ ಬರೆದು ಕಳಿಸಲಿ. ಇಷ್ಟನ್ನೂ ಮಾಡಿದ ಮೇಲೆ ತಂಡ ಹಳಸಿದೆಯೆಂದು ಕಂಡರೆ ಆಗ ಮುರಿಯುವ ಮಾತನ್ನೆತ್ತೋಣ. ಈಗಂತೂ ಆ ಮಾತನ್ನಾಡುವ ಹಕ್ಕು ಸಮಿತಿಗೂ ಇಲ್ಲ, ಮುಂದಿನ ಸಾಲಿನವರಿಗೂ ಇಲ್ಲ.