ಎರಿ ಮಣ್ಣಿನ ದಾರಿಗೆ ಕೂಡಗಿ ಬೂದಿ ಯಾಕೆ ಹಾಕಬಾರದು?

ಗೆಳೆಯ ಗೆಳತಿಯರೇ, ಈ ಸಲ ಗೋಡೆ ಪತ್ರಿಕೆಗೆ ಕವನ ಬರಿ ಅಂತ ಹೇಳಿದ್ದಿರಿ. ಆದರೆ ನಾನು ದಾರಿಯ ಬಗ್ಗೆ ಬರೀತೀನಿ, ಬೇಸರ ಮಾಡಿಕೋಬೇಡಿ.

ಹೋದ ಮಳೆಗಾಲದಾಗ ಒಂದು ರಾತ್ರಿ ನಮ್ಮ ಅಜ್ಜಿಗೆ ಎದೆನೋವು ಬಂತು. ನಮ್ಮ ಮನೆ ಹೊಲದಾಗ ಐತಿ. ಬಾಡಿಗೆ ಜೀಪು ಡಾಂಬರು ರಸ್ತೆ ತನಕ ಬಂದು ನಿಂತಿತು. "ಎರಿಯಾಗ ಇಳಿಸಿದರ ಮತ್ತ ಮ್ಯಾಲ ಬರೂದಿಲ್ಲ" ಅಂದ ಡ್ರೈವರ್. ಅಪ್ಪ, ಕಾಕಾ ಅಜ್ಜಿಯನ್ನು ಹೊರಸಿನ ಮೇಲೆ ಹೊತ್ತುಕೊಂಡು ನಡೆದರು. ನಾನು ಬ್ಯಾಟರಿ ಹಿಡಿದು ಮುಂದೆ ನಡೆದೆ. ಹೆಜ್ಜೆ ಹೆಜ್ಜೆಗೂ ಕಾಲಿಗೆ ಸೇರುಗಟ್ಟಲೆ ಮಣ್ಣು. ಅಜ್ಜಿ ಉಳಿದಳು. ಆದರೆ ಆ ನಡಿಗೆ ಇನ್ನೂ ನೆನಪಿದೆ.

ನಮ್ಮ ಎರಿ ಭೂಮಿ ಹೊಲಕ್ಕೆ ವರ. ನೀರು ಹಿಡಿದಿಟ್ಟುಕೊಂಡು ಹಿಂಗಾರಿ ಬಿಳಿಜೋಳ ಕೊಡುತ್ತದೆ. ಅದೇ ಗುಣ ದಾರಿಗೆ ಶಾಪ. ನೀರು ಕುಡಿದರೆ ಮಣ್ಣು ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲೆ ಎಷ್ಟು ಖಡಿ, ಡಾಂಬರು ಹಾಕಿದರೂ ಕೆಳಗಿನ ನೆಲ ಅಲುಗಾಡಿದರೆ ರಸ್ತೆ ಉಳಿಯುವುದಿಲ್ಲ.

ಇದಕ್ಕೆ ಮದ್ದು ನಮ್ಮ ಜಿಲ್ಲೆಯಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಕೂಡಗಿಯ ವಿದ್ಯುತ್ ಸ್ಥಾವರದಲ್ಲಿ ೮೦೦ ಮೆಗಾವ್ಯಾಟಿನ ಮೂರು ಘಟಕಗಳಿವೆ, ಒಟ್ಟು ೨೪೦೦ ಮೆಗಾವ್ಯಾಟ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರನೇ ಒಂದು ಭಾಗ ಬೂದಿಯೇ. ಚಿಮಣಿಗೆ ಹೋಗುವ ಮೊದಲು ಹಿಡಿಯುವ ನುಣ್ಣನೆಯ ಬೂದಿಗೆ ಹಾರುಬೂದಿ ಅನ್ನುತ್ತಾರೆ. ಅದು ನಮ್ಮ ಒಲೆಯ ಬೂದಿಯಂತಲ್ಲ. ಅದರಲ್ಲಿ ಸಿಲಿಕಾ, ಅಲ್ಯುಮಿನಾ ಹೆಚ್ಚು. ಆದರೆ ನಮ್ಮ ದೇಶದ ಹಾರುಬೂದಿಯಲ್ಲಿ ಸುಣ್ಣದ ಅಂಶ ಕಡಿಮೆ. ಆದ್ದರಿಂದ ಎರಿ ಮಣ್ಣಿಗೆ ಬೂದಿಯ ಜೊತೆ ಸ್ವಲ್ಪ ಸುಣ್ಣವನ್ನೂ ಕಲಸಬೇಕು. ಸುಣ್ಣ ಮೊದಲು ಮಣ್ಣಿನ ಜಿಗುಟು ಮುರಿಯುತ್ತದೆ. ಆಮೇಲೆ ಬೂದಿಯೊಡನೆ ಸೇರಿ ನಿಧಾನವಾಗಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ.

ನಾನೇ ಸಣ್ಣ ಪರೀಕ್ಷೆ ಮಾಡಿದೆ. ಇಟ್ಟಂಗಿ ಮಾಡುವಲ್ಲಿಂದ ಒಂದು ಡಬ್ಬಿ ಹಾರುಬೂದಿ ತಂದೆ. ಬರೀ ಎರಿ ಮಣ್ಣಿನದೊಂದು ಉಂಡೆ, ಬೂದಿ-ಸುಣ್ಣ ಕಲಸಿದ್ದು ಇನ್ನೊಂದು. ಹತ್ತು ದಿನ ಹಸಿ ಗೋಣಿಯಲ್ಲಿ ಮುಚ್ಚಿಟ್ಟು, ಒಣಗಿಸಿ, ನೀರಿಗೆ ಹಾಕಿದೆ. ಮೊದಲನೆಯದು ಸ್ವಲ್ಪ ಹೊತ್ತಿನಲ್ಲೇ ಕರಗಿ ರಾಡಿಯಾಯಿತು. ಎರಡನೆಯದು ಸಂಜೆ ತನಕ ಉಂಡೆಯಾಗಿಯೇ ಇತ್ತು. ಬೇಕಾದವರು ಮಾಡಿ ನೋಡಿರಿ.

"ಬೂದಿ ವಿಷ ಅಲ್ಲೇನು?" ಅಂತ ಕೇಳುತ್ತೀರಿ. ಕೇಳಬೇಕಾದ ಮಾತೇ. ಒಣಬೂದಿ ಹಾರಿದರೆ ಎದೆಗೆ ಕೆಟ್ಟದ್ದು. ಅದರಲ್ಲಿ ಆರ್ಸೆನಿಕ್‌ನಂಥ ವಸ್ತುಗಳೂ ಅಲ್ಪ ಪ್ರಮಾಣದಲ್ಲಿ ಇರುತ್ತವೆ. ಅದಕ್ಕೇ ನೀರು ಚಿಮುಕಿಸಿ, ತಾಡಪತ್ರಿ ಮುಚ್ಚಿ ತರಬೇಕು. ಹಾಕಿದ ದಿನವೇ ರೋಲರ್ ಹೊಡೆದು ಮೇಲೆ ಮುಚ್ಚಬೇಕು. ಬಾವಿ, ಕೆರೆ ಪಕ್ಕ ಬೇಡವೇ ಬೇಡ. ದಾರಿಯ ಎರಡೂ ಬದಿಗೆ ಗಟಾರು ಬೇಕು, ಇಲ್ಲದಿದ್ದರೆ ಯಾವ ಬೂದಿಯೂ ದಾರಿಯನ್ನು ಉಳಿಸುವುದಿಲ್ಲ.

ಇದು ನನ್ನ ಹುಚ್ಚು ಕಲ್ಪನೆ ಅಲ್ಲ. ಹಾರುಬೂದಿ ಬಳಸಿರೆಂದು ಕೇಂದ್ರ ಸರ್ಕಾರ ೧೯೯೯ರಲ್ಲೇ ಅಧಿಸೂಚನೆ ಹೊರಡಿಸಿತ್ತು. ೨೦೨೧ರ ಡಿಸೆಂಬರ್ ೩೧ರ ಅಧಿಸೂಚನೆಯಂತೂ ಸ್ಥಾವರದಿಂದ ೩೦೦ ಕಿಲೋಮೀಟರ್ ಒಳಗಿನ ರಸ್ತೆ ಕೆಲಸಗಳಲ್ಲಿ ಬೂದಿ ಬಳಸಲೇಬೇಕು, ಸಾಗಿಸುವ ಖರ್ಚು ಸ್ಥಾವರದ್ದು ಅನ್ನುತ್ತದೆ. ನಮ್ಮ ಜೈನಾಪುರ ಆ ಅಳತೆಯ ಒಳಗೇ ಇದೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮುಂದಿನ ಗ್ರಾಮಸಭೆಯಲ್ಲಿ ಗುರುಗಳು ಈ ಮಾತು ಎತ್ತಬೇಕು. ಎಂಜಿನಿಯರರು ಮಣ್ಣು ಪರೀಕ್ಷಿಸಿ ಬೂದಿ-ಸುಣ್ಣದ ಪ್ರಮಾಣ ಹೇಳಲಿ. ಹೊಲದ ದಾರಿಯಲ್ಲಿ ಒಂದೇ ಫರ್ಲಾಂಗು ಹಾಗೆ ಮಾಡಲಿ, ಪಕ್ಕದ ಒಂದು ಫರ್ಲಾಂಗು ಎಂದಿನಂತೆ ಇರಲಿ. ಎರಡು ಮಳೆಗಾಲ ನಾವು ವಿದ್ಯಾರ್ಥಿಗಳೇ ಸ್ಕೇಲ್ ಹಿಡಿದು ಬಿರುಕು, ತಗ್ಗು ಅಳೆದು ಇದೇ ಗೋಡೆ ಮೇಲೆ ಬರೆಯುತ್ತೇವೆ. ಸೋತರೆ ಸೋತಿತು ಅಂತಲೂ ಬರೆಯುತ್ತೇವೆ.

ಕರೆಂಟು ದೂರದ ಊರಿಗೆಲ್ಲ ಹೋಗುತ್ತದೆ, ಬೂದಿ ನಮ್ಮ ಜಿಲ್ಲೆಯಲ್ಲೇ ಉಳಿಯುತ್ತದೆ. ಉಳಿದದ್ದಾದರೂ ನಮ್ಮ ಕಾಲ ಕೆಳಗೆ ಗಟ್ಟಿಯಾಗಿ ಕೂಡಲಿ. ನೀವೇನಂತೀರಿ? ಕೆಳಗೆ ಜಾಗ ಬಿಟ್ಟಿದ್ದೇನೆ, ಬರೆಯಿರಿ.

— ೯ನೇ ತರಗತಿಯ ವಿದ್ಯಾರ್ಥಿ